ಬಲಗೈಯ ಅಳತೆ

೧೯೮೭ರಲ್ಲಿ, ಏಳನೇ ಇಯತ್ತೆಯ ನಡುವೆ, ನಾನು ಸಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಖಾನಾಪುರದ ಹಂಚಿನ ಕಾರ್ಖಾನೆಗೆ ಹೋಗುತ್ತೇನೆ ಎಂದು ನಾನೇ ಮನೆಯಲ್ಲಿ ಹೇಳಿದೆ. ಮೊದಲು ಮಣ್ಣು ಹೊತ್ತೆ, ಆಮೇಲೆ ಹಸಿ ಹಂಚು ಒಣಗಿಸಲು ನಿಂತೆ, ಮೀಸೆ ಮೂಡುವ ಹೊತ್ತಿಗೆ ಪ್ರೆಸ್ಸಿನ ಮುಂದೆ ಬಂದೆ. ಮೆತ್ತನೆಯ ಮಣ್ಣನ್ನು ಅಚ್ಚಿನಲ್ಲಿ ಒತ್ತಿ ಹಂಚು ಮಾಡುವ ಕಬ್ಬಿಣದ ಯಂತ್ರ ಅದು. ಬಲಗೈಯಿಂದ ಅದರ ಹಿಡಿಕೆಯನ್ನು ಮೈಭಾರ ಹಾಕಿ ಎಳೆಯಬೇಕು, ಎಡಗೈಯಿಂದ ಹಸಿ ಹಂಚನ್ನು ಮೆಲ್ಲಗೆ ಬಿಡಿಸಿ ಹಲಗೆಯ ಮೇಲೆ ಜಾರಿಸಬೇಕು. ಮಳೆಗಾಲ ಬಿಟ್ಟರೆ ವರ್ಷವಿಡೀ ಇದೇ ಕೆಲಸ. ನಾನು ಒತ್ತಿದ ಹಂಚು ಸೊಟ್ಟಗಿದೆ ಎಂದು ಯಾರೂ ವಾಪಸು ಕಳಿಸಿದ್ದಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ನಮ್ಮ ಕಡೆ ನಿಶ್ಚಯದ ದಿನ ಹೆಣ್ಣಿನ ಮನೆಯವರು ವರನ ಕೈಗೆ ಗಡಿಯಾರ ಕಟ್ಟುತ್ತಾರೆ. ಕಟ್ಟಿ, ಬಂದವರಿಗೆಲ್ಲ ಸಕ್ಕರೆ ಹಂಚಿದರೆ ಮಾತು ಪಕ್ಕಾ ಆದಂತೆ. ಸಕ್ಕರೆ ಹಂಚುವ ತನಕ ಏನೂ ಆಗಿಲ್ಲ ಎಂದೇ ಲೆಕ್ಕ. ೨೦೦೦ನೇ ಇಸವಿಯಲ್ಲಿ ನನಗೆ ನಂದಗಡದ ಹೆಣ್ಣು ಗೊತ್ತಾಯಿತು. ನೋಡಲು ಹೋದಾಗ ಆಕೆ ಚಹಾದ ಬಟ್ಟಲು ಕೊಟ್ಟು, ನೆಲ ನೋಡದೆ ನನ್ನ ಮುಖ ನೋಡಿದ್ದಳು. ನನಗೆ ಬೇರೆ ಹೆಣ್ಣು ನೋಡುವ ಮನಸ್ಸು ಅಲ್ಲಿಗೇ ಮುಗಿದಿತ್ತು.

ನಿಶ್ಚಯಕ್ಕೆ ಇನ್ನೂ ದಿನವಿರುವಾಗ ಒಂದು ಸಂಜೆ ಆಕೆಯ ಚಿಕ್ಕವ್ವ ನಮ್ಮ ಮನೆಗೆ ಬಂದಳು. ಗಡಿಯಾರಕ್ಕೆ ಅಳತೆ ಬೇಕಂತೆ. ನಾನು ಆಗಷ್ಟೇ ಕಾರ್ಖಾನೆಯಿಂದ ಬಂದು ಕೈ ತೊಳೆಯುತ್ತಿದ್ದೆ.

"ಬಲಗೈ ಚಾಚಪಾ," ಎಂದಳು. ಚಾಚಿದೆ. ಅರಿಸಿನ ಹಚ್ಚಿದ ನೂಲನ್ನು ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದಳು. "ಶುಭಕ್ಕ ಕಟ್ಟೂದು ಬಿಗಿ ಇರಬಾರದು" ಎಂದು ಒಂದು ಬೆರಳು ಸಡಿಲ ಬಿಟ್ಟಳು. ಆಮೇಲೆ ನನ್ನ ಕೈ ನೋಡಿ, "ಯವ್ವಾ, ಇದು ಕೈಯೋ ಒನಕಿಯೋ!" ಎಂದಳು.

"ದುಡಿಯೂ ಕೈ ರೀ ಅದು," ಎಂದಳು ನಮ್ಮವ್ವ. ಆ ಮಾತಿನಿಂದ ನಾನು ಎರಡು ದಿನ ಎದೆ ಉಬ್ಬಿಸಿಕೊಂಡು ತಿರುಗಿದೆ.

ನಿಶ್ಚಯದ ದಿನ ಬೆಳಿಗ್ಗೆಯೇ ನಂದಗಡಕ್ಕೆ ಹೋದೆವು. ಗಡಿಯಾರ ತಂದವನು ಹೆಣ್ಣಿನ ಸೋದರಮಾವ. ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ, ಸರಕಾರಿ ನೌಕರಿ, ಹೆಣ್ಣಿನ ಮನೆಯಲ್ಲೂ ಅವನದೇ ಮಾತು. ಗಡಿಯಾರಕ್ಕೆ ಬಂಗಾರದ ಬಣ್ಣದ ಚೈನು, ಅಂಗೈ ಅಗಲದ ಮುಖ. ಮಂದಿಯೆಲ್ಲ ಕತ್ತು ಚಾಚಿ ನೋಡಿದರು. ಹೆಣ್ಣಿನ ತಮ್ಮ ನನ್ನ ಮುಂದೆ ಕೂತು, "ಎಡಗೈ ಕೊಡ್ರಿ ಮಾವಾರ," ಎಂದು ಚೈನು ಹಾಕಿ ಟಕ್ ಎಂದು ಒತ್ತಿದ.

ಗಡಿಯಾರದ ಮುಖ ಮೆಲ್ಲಗೆ ಹೊರಳಿ ಮಣಿಕಟ್ಟಿನ ಕೆಳಗೆ ಹೋಯಿತು. ಹಿರಿಯರಿಗೆ ನಮಸ್ಕಾರ ಮಾಡಲು ಕೈ ಎತ್ತಿದೆ. ಸರ್ರನೆ ಜಾರಿ ಮೊಣಕೈ ಕಡೆಗೆ ಓಡಿತು. ಕೈ ಇಳಿಸಿದೆ, ವಾಪಸು ಬಂದು ಹೆಬ್ಬೆರಳಿನ ಬುಡಕ್ಕೆ ಜೋತುಬಿತ್ತು.

"ವಾಚ್ ಕಟ್ಯಾರೋ, ವರಗ ಬಳಿ ಇಡಿಸ್ಯಾರೋ?" ಎಂದು ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದವನು ಸೋದರಮಾವ ಒಬ್ಬನೇ. ಅವನು ಕಿಸೆಯಿಂದ ಆ ಹಳದಿ ನೂಲು ತೆಗೆದು, ನನ್ನ ಎಡಗೈಯ ಮೇಲೆ ಹಿಡಿದ. ನೂಲೂ ಹಾಗೇ ಜೋತುಬಿತ್ತು.

"ನಗಬ್ಯಾಡ್ರಿ," ಎಂದ. "ಅಂಗಡ್ಯಾಂವ ಈ ನೂಲಿನ ಪರಮಾಣ ಚೈನ್ ಕಡದು ಕೊಟ್ಟಾನ. ಹೋದ ಅಮಾಸಿ ಮುಂದ ಇಷ್ಟ್ ದಪ್ಪಿದ್ದ ಕೈ ಈಗ ಹಿಂಗ ಆಗೇತಂದ್ರ ಏನರ್ಥ? ಹುಡುಗ ಒಳಗೊಳಗ ಸೊರಗಾಕ ಹತ್ಯಾನ." ನಮ್ಮವ್ವನ ಕಡೆ ತಿರುಗಿ, "ಕೆಮ್ಮು ಗಿಮ್ಮು ಐತೇನ್ರಿ ಅಕ್ಕಾರ? ದಿನಾ ಮಣ್ಣಿನ ಧೂಳದಾಗ ಇರಾಂವ, ಅದಕ್ಕ ಕೇಳಿದೆ."

ನಮ್ಮವ್ವ ನನ್ನ ಮುಖ ನೋಡಿದಳು. ಮಳೆಗೆ ನೆನೆದಿದ್ದೇನೆ, ಬಟ್ಟಿಯ ಬೆಂಕಿಯ ಮುಂದೆ ನಿಂತಿದ್ದೇನೆ, ಒಂದು ದಿನ ಜ್ವರ ಎಂದು ಮಲಗಿದವನಲ್ಲ. ಅಂಥ ನನ್ನನ್ನು ಮಂದಿಯ ನಡುವೆ ರೋಗಿ ಎಂದು ಕೂರಿಸಿದ್ದ.

"ನನಗ ಏನೂ ಆಗಿಲ್ಲ," ಎಂದೆ. "ಬೇಕಾದ್ರ ಬರ್ರಿ, ಪ್ರೆಸ್ ಎಳದು ತೋರಸ್ತೀನಿ."

"ಪ್ರೆಸ್ ಬ್ಯಾಡ. ಬೆಳಗಾವಿಗಿ ಬಾ. ಅಂಗಡ್ಯಾಂವನ ಮುಂದ ನೂಲು, ಚೈನ್ ಎರಡೂ ಇಡೂಣು. ಅಂವ ತಪ್ಪು ಕಡದಿದ್ರ ಛಲೋನ ಆತು. ಇಲ್ಲಂದ್ರ ಅಲ್ಲಿಂದ ಸೀದಾ ಡಾಕ್ಟರ್ ಕಡೆ. ಅಲ್ಲೀತನಕ ಸಕ್ಕರಿ ತಡೀಲಿ."

ಸಕ್ಕರೆ ತುಂಬಿದ ಅಗಲ ಪರಾತವನ್ನು ಯಾರೋ ಎತ್ತಿಕೊಂಡು ಒಳಗೆ ಹೋದರು. ಒಳಬಾಗಿಲಲ್ಲಿ ಹಸಿರು ಸೀರೆ ಉಟ್ಟು ನಿಂತಿದ್ದ ಆಕೆ ಪರಾತಕ್ಕೆ ದಾರಿ ಬಿಟ್ಟು, ನನ್ನನ್ನೇ ನೋಡಿದಳು.

ಸೋದರಮಾವ, ಹೆಣ್ಣಿನ ತಮ್ಮ, ನಾನು, ಮೂವರೂ ಸಿಕ್ಕ ಬಸ್ಸು ಹತ್ತಿದೆವು. ನಾನು ಅವರಿಗೆ ಕಾಣದಂತೆ ಎಡ ಮಣಿಕಟ್ಟನ್ನು ಬಲಗೈಯಿಂದ ಸುತ್ತಿ ಹಿಡಿದು ನೋಡಿದೆ. ಹೆಬ್ಬೆರಳು ನಡುಬೆರಳನ್ನು ದಾಟಿ ಹೋಯಿತು. ಮೊದಲು ಹೀಗಿತ್ತೋ, ಈಗ ಹೀಗಾಯಿತೋ? ನನಗೆ ಗೊತ್ತಿರಲಿಲ್ಲ. ಸ್ವಂತ ಕೈ ಎಷ್ಟು ದಪ್ಪ ಎಂದು ಯಾರು ನೋಡಿಕೊಂಡಿರುತ್ತಾರೆ? ಖಾನಾಪುರ ದಾಟುವಾಗ ಕಾರ್ಖಾನೆಯ ಚಿಮಣಿ ಕಂಡಿತು. ಸೋದರಮಾವನ ಮಾತು ಖರೆಯೇ ಇರಬಹುದು ಎಂದು ಮೊದಲ ಸಲ ಅನ್ನಿಸಿತು.

ಅಂಗಡಿ ಖಡೇಬಜಾರಿನ ಬಾಜುವಿನ ಗಲ್ಲಿಯಲ್ಲಿತ್ತು. ಬಿಳಿ ಗಡ್ಡದ ಮುಸಲ್ಮಾನ ಮುದುಕ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ಸೋದರಮಾವ ಎಲ್ಲವನ್ನೂ ಹೇಳಿದ. ಮುದುಕ ನೂಲನ್ನು ಚೈನಿನ ಪಕ್ಕಕ್ಕೆ ಹಿಡಿದ. ಎರಡೂ ಸರಿಸಮ.

"ನೋಡಿದಿ?" ಎಂದ ಸೋದರಮಾವ. ಅವನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಮರುಕವಿತ್ತು. ಅದು ಇನ್ನೂ ಕೆಟ್ಟದ್ದು. "ನಡಿಯಪಾ, ಡಾಕ್ಟರ್ ಕಡೆ ಹೋಗೂಣು."

"ಠೈರೋ, ಠೈರೋ," ಎಂದು ತಡೆದ ಮುದುಕ. "ಈ ನೂಲು ಯಾವ ಕೈದು?"

"ಬಲಗೈದು. ಶುಭಕಾರ್ಯಕ್ಕ ಎಡಗೈ ಅಳತಿ ಯಾರರ ತಗೋತಾರೇನ್ರಿ?" ಎಂದ ಸೋದರಮಾವ.

"ವಾಚ್ ಯಾವ ಕೈಗೆ ಕಟ್ಟೀರಿ?"

ಹೆಣ್ಣಿನ ತಮ್ಮ ಮೆಲ್ಲಗೆ, "ಎಡಗೈಗೆ," ಎಂದ.

"ಎರಡೂ ಒಬ್ಬಾಂವನ ಕೈ ಅಲ್ಲೇನ?" ಎಂದು ಸೋದರಮಾವ ರೇಗಿದ.

ಮುದುಕ ನನ್ನ ಕಡೆ ನೋಡಿದ. "ಏನ್ ಕೆಲಸಾ ಮಾಡ್ತೀರಿ ಭಾಯ್?"

"ಹಂಚಿನ ಪ್ರೆಸ್ ಎಳೀತೀನ್ರಿ."

"ಯಾವ ಕೈಲೆ?"

ನಾನು ಬಲಗೈ ಎತ್ತಿದೆ. ಅವನು ಅದಕ್ಕೆ ಚೈನು ಹಾಕಿದ. ಹೇಳಿ ಮಾಡಿಸಿದಂತೆ ಕೂತಿತು. "ಎರಡೂ ಕೈ ಬಾಜೂಕ ಬಾಜೂಕ ಇಡ್ರಿ," ಎಂದ. ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟೆ. ಒಳಗಿನ ದೀಪದ ಬೆಳಕು ಕೆಳಗಿನಿಂದ ಬೀಳುತ್ತಿತ್ತು.

ಆ ಹೊತ್ತಿನ ದಿಗ್ಭ್ರಮೆ ಇವತ್ತಿಗೂ ಹೋಗಿಲ್ಲ. ಬಲಗೈಯ ಮಣಿಕಟ್ಟು ಮರದ ಗೆಣ್ಣಿನಂತೆ ದಪ್ಪ, ನರಗಳು ಹಗ್ಗದಂತೆ. ಪಕ್ಕದಲ್ಲಿ ಎಡಗೈ ತೆಳ್ಳಗೆ, ಎಲುಬು ಕಾಣುತ್ತ, ಬ್ಯಾಂಕಿನಲ್ಲಿ ಕೂತು ಬರೆಯುವವನ ಕೈಯಂತೆ. ದಿನಾ ಇವೇ ಕೈಗಳಲ್ಲಿ ಉಂಡಿದ್ದೆ, ತೊಳೆದಿದ್ದೆ, ಜೋಡಿಸಿ ನಮಸ್ಕಾರ ಮಾಡಿದ್ದೆ. ಈ ವ್ಯತ್ಯಾಸ ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಆ ಹಿಡಿಕೆ ನನ್ನ ಮೈಯನ್ನೇ ಅಚ್ಚಿಗೆ ಹಾಕಿ ಒತ್ತಿತ್ತು, ಒಂದು ಬದಿ ಮಾತ್ರ.

"ಇವರಿಗೆ ರೋಗ ಇಲ್ಲ," ಎಂದ ಮುದುಕ. "ಲೋಹಾರರು, ಬಡಗೇರು ಬಂದ್ರ ಹಿಂಗಽ. ನಾ ಎರಡೂ ಕೈ ನೋಡ್ತೀನಿ."

ಸೋದರಮಾವ ಹಣೆ ಒರೆಸಿಕೊಂಡ. "ಹಂಗಾರ ನಾಕ್ ಕೊಂಡಿ ತಗದು ಎಡಗೈಗೆ ಹೊಂದಸ್ರಿ."

ಮುದುಕ ಕೊಂಡಿ ತೆಗೆದು ಹಾಕಿದ. ಚೈನು ಹೊಂದಿತು, ಮುಖ ಹೊಂದಲಿಲ್ಲ. ಅದರ ಎರಡು ತುದಿಗಳೂ ಮಣಿಕಟ್ಟಿನ ಅಂಚು ದಾಟಿ ಹೊರಗೆ ನಿಂತವು. ಕೈ ಮಣಿಸಿದರೆ ಕೀಲಿ ಕೊಡುವ ಗುಂಡಿ ಚರ್ಮಕ್ಕೆ ಚುಚ್ಚುತ್ತಿತ್ತು. ಮುದುಕ ತಲೆಯಾಡಿಸಿ, ಚಿಕ್ಕ ಮುಖದ, ಕಂದು ತೊಗಲಿನ ಪಟ್ಟಿಯ ಒಂದು ಗಡಿಯಾರ ತೆಗೆದು ಕಟ್ಟಿದ. "ಮುಷ್ಟಿ ಮಾಡ್ರಿ," ಎಂದ. ಬಿಗಿಯಾಗಲಿಲ್ಲ. ಪಟ್ಟಿಯ ಕೆಳಗೆ ತನ್ನ ಕಿರುಬೆರಳಿನ ತುದಿ ತೂರಿಸಿ ನೋಡಿದ. ಕೈ ಜಾಡಿಸಿದೆ, ಗಡಿಯಾರ ಕದಲಲಿಲ್ಲ.

"ಇದು ಸಾಕು," ಎಂದೆ.

"ಏ, ಇಷ್ಟ್ ಸಣ್ಣದು ಕಟ್ಟಿದ್ರ ಮಂದಿ ನಮಗೇನಂದಾರು?" ಎಂದ ಸೋದರಮಾವ. "ದೊಡ್ಡದಽ ಇರಲಿ. ಬಲಗೈಗೆ ಕಟ್ಕೋ."

"ಬಲಗೈ ಕೆಲಸದ್ದು ರೀ. ಅದಕ್ಕ ಏನೂ ಕಟ್ಟಂಗಿಲ್ಲ."

"ಒಂದ್ ದಿನದ ಮಟ್ಟಿಗರ ಕಟ್ಕೊ."

"ಒಂದ್ ತಾಸೂ ಇಲ್ಲ."

ಅವನ ಮುಖ ಕೆಂಪಾಯಿತು. ಕೊಡುವವರ ಮಾತು ಮೀರಿದ ಅಳಿಯನನ್ನು ಯಾರು ಇಷ್ಟಪಡುತ್ತಾರೆ? ರೋಗದ ಮಾತು ಮುಗಿದರೂ ಸಕ್ಕರೆ ಇನ್ನೂ ಒಳಗೇ ಇದೆ ಎಂದು ನನಗೆ ಗೊತ್ತಿತ್ತು. ಆದರೂ ಬಾಯಿ ಸೋಲಲಿಲ್ಲ. ಹೆಣ್ಣಿನ ತಮ್ಮ, "ತಡೀರಿ, ಅಕ್ಕನ್ನ ಕೇಳ್ತೀನಿ," ಎಂದು ಎದುರಿನ ಎಸ್‌ಟಿಡಿ ಬೂತಿಗೆ ಓಡಿದ. ಅವರ ನೆರೆಮನೆಯಲ್ಲಿ ಫೋನಿತ್ತು.

ಬಹಳ ಹೊತ್ತಿಗೆ ಬಂದ, ನಗು ನುಂಗುತ್ತ.

"ಏನಂದ್ಲು?" ಎಂದ ಸೋದರಮಾವ.

"ಬೈಬ್ಯಾಡ್ರಿ ಮತ್ತ. ಕೈಗೆ ಕುಂದರೂದು ತರ್ರಿ, ದೊಡ್ಡದು ಬೇಕಾದ್ರ ಮಾಮಾ ತನ್ನ ಮನಿ ಗ್ವಾಡಿಗೆ ಹಾಕ್ಕೊಳ್ಳಲಿ, ಅಂದ್ಲು."

ನಾನು ಬೆಚ್ಚಿ ಸೋದರಮಾವನ ಮುಖ ನೋಡಿದೆ. ಆ ಮನೆಯಲ್ಲಿ ಅವನಿಗೆ ಯಾರೂ ಹೀಗೆ ಹೇಳಿರಲಿಕ್ಕಿಲ್ಲ. ಬಾಯಿ ತೆರೆದೇ ಕೂತಿದ್ದ. ಮೊದಲು ನಕ್ಕವನು ಮುದುಕ. ಆಮೇಲೆ ಸೋದರಮಾವನ ಹೊಟ್ಟೆ ಕುಣಿಯಲು ಸುರುವಾಯಿತು.

"ಇಕೀ ಕೂಡ ಬಾಳೇವು ಮಾಡಾಂವ ನೀನಪಾ," ಎಂದ ನನ್ನ ಬೆನ್ನು ಗುದ್ದಿ. "ಎರಡೂ ಕೈ ಗಟ್ಟಿ ಮಾಡ್ಕೊ."

ನಂದಗಡಕ್ಕೆ ವಾಪಸು ಬಂದಾಗ ದನ ಮನೆಗೆ ಬರುವ ಹೊತ್ತು. ಮಂದಿ ಅರ್ಧ ಉಳಿದಿದ್ದರು. ಅವರಿಗೆ ಸೋದರಮಾವನೇ ಪರಾತ ಹಿಡಿದು ಸಕ್ಕರೆ ಹಂಚಿದ.

ಈಗ ನನಗೆ ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಖಾನಾಪುರದಲ್ಲಿ ಮನೆ ಒಂದು, ಎಮ್ಮೆ ಎರಡು, ಮೋಟರ್ ಸೈಕಲ್ಲು ಒಂದು, ಕೈಗಡಿಯಾರ ಒಂದು.