ಬಾಗಿಲ ಹಲಗೆಯ ಮೇಲಿನ ಚರಕ

ಶಿಡ್ಲಘಟ್ಟದಲ್ಲಿ ರೇಷ್ಮೆ ಚರಕ ಮಾಡುವ ಬಡಗಿಗಳು ಬೇಕಾದಷ್ಟು ಜನರಿದ್ದರು. ಅವರಲ್ಲಿ ಕೋನಪ್ಪ ದೊಡ್ಡ ಹೆಸರಿನವನೇನಲ್ಲ. ಅವನು ಮಾಡಿದ ರಾಟೆ ಗಟ್ಟಿಯಾಗಿರುತ್ತಿತ್ತು, ಆದರೆ ಹೇಳಿದ ದಿನಕ್ಕೆ ಕೈಗೆ ಸಿಗುತ್ತಿರಲಿಲ್ಲ. ಕೇಳಲು ಹೋದವರಿಗೆ ಅವನು ಹಿತ್ತಿಲಲ್ಲಿ, ನೆಲಕ್ಕೆ ಹಾಸಿದ ಹಳೆಯ ಬಾಗಿಲೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬಿದಿರಿನ ದಬ್ಬೆಗಳನ್ನು ಅತ್ತಿತ್ತ ಆಡಿಸುತ್ತಿರುವುದು ಕಾಣುತ್ತಿತ್ತು. ನಲವತ್ತು ದಾಟಿದ ಗಂಡಸು ಕೆಲಸ ಬಿಟ್ಟು ಹೀಗೆ ಮಕ್ಕಳಾಟ ಆಡುತ್ತಿದ್ದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ.

ಆಟವಾಗಿರಲಿಲ್ಲ ಅದು. ಅವನ ಹೆಂಡತಿ ಅಮ್ಮಾಜಮ್ಮನ ಬಲಭುಜ ಹೋಗಿತ್ತು. ತಲೆ ಬಾಚಿಕೊಳ್ಳಲು ಕೂಡ ಕೈ ಮೇಲೆ ಏಳುತ್ತಿರಲಿಲ್ಲ.

ಮನೆಯ ಹಿಂದಿನ ಚಪ್ಪರದಲ್ಲಿ ಅವರದೇ ಒಂದು ಚರಕವಿತ್ತು. ಕುದಿಯುವ ಬಾಣಲೆಯ ಮುಂದೆ ಕೋನಪ್ಪನ ಅಕ್ಕ ಮುನಿಶಾಮಮ್ಮ ಕೂತು, ನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ತೆಗೆದು ಕೂಡಿಸುವಳು. ಆಚೆ ಬದಿಗೆ ಮಣೆ ಹಾಕಿಕೊಂಡು ಅಮ್ಮಾಜಮ್ಮ, ಆ ಎಳೆ ಸುತ್ತಿಕೊಳ್ಳುವ ದೊಡ್ಡ ರಾಟೆಯನ್ನು ಕೈಯಿಂದ ತಿರುಗಿಸುವಳು. ಬೆಳಕು ಹರಿದಾಗಿನಿಂದ ಹೊತ್ತು ಇಳಿಯುವ ತನಕ ಅದೇ ಕೆಲಸ. ಮದುವೆಯಾಗಿ ಮುರುಗಮಲ್ಲದ ಕಡೆಯಿಂದ ಬಂದ ವರ್ಷ ಹಿಡಿದ ಹಿಡಿಯನ್ನು ಅವಳು ಬಿಟ್ಟಿದ್ದು ಬಾಣಂತನಕ್ಕೆ ಮಾತ್ರ. ಮಗಳು ಮದುವೆಯಾಗಿ ಚಿಂತಾಮಣಿ ಊರಿನ ಗಂಡನ ಮನೆಗೆ ಹೋದ ಮೇಲೆ ಕೈ ಬದಲಿಸುವವರೂ ಇರಲಿಲ್ಲ. ಆ ಬೀದಿಯ ರೀತಿಯೇ ಹಾಗೆ. ಎಳೆ ಹಿಡಿಯುವುದು ಕಸುಬು, ತಿರುಗಿಸುವುದು ಬರಿಯ ದುಡಿಮೆ. ಅದಕ್ಕೆ ಮನೆಯ ಹೆಂಗಸರಿದ್ದರು, ಇಲ್ಲವೇ ಕೂಲಿಯವರು. ಮನೆಯ ಗಂಡಸು ಆ ಮಣೆಯ ಮೇಲೆ ಕೂತದ್ದನ್ನು ಯಾರೂ ಕಂಡಿರಲಿಲ್ಲ.

ನೋವು ಜಾಸ್ತಿಯಾದಾಗ ಅಮ್ಮಾಜಮ್ಮನ ಬಾಯಿಗೆ ತವರಿನ ತೆಲುಗು ಬರುತ್ತಿತ್ತು. "ಪೋನೀಲೇ" ಎನ್ನುವಳು. ಹೋಗಲಿ ಬಿಡು ಎಂದು. ಅದನ್ನು ಕೇಳಿದಾಗಲೆಲ್ಲ ಕೋನಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಪೇಟೆಯಲ್ಲಿ ದರ್ಜಿಯ ಹೊಲಿಗೆ ಮೆಷಿನ್ನು ನೋಡುತ್ತ ನಿಂತಾಗ ಅವನಿಗೆ ಯೋಚನೆ ಹೊಳೆದದ್ದು. ಕಾಲು ಆಡಿದರೆ ಚಕ್ರ ತಿರುಗುತ್ತದೆ, ಕೈಗೆ ಬಿಡುವು. ಆದರೆ ದರ್ಜಿ ಸ್ಟೂಲಿನ ಮೇಲೆ ಕೂರುತ್ತಾನೆ, ಅಮ್ಮಾಜಮ್ಮ ಕೂರುವುದು ಗೇಣೆತ್ತರದ ಮಣೆಯ ಮೇಲೆ. ಅವನ ಚಕ್ರ ಚಿಕ್ಕದು, ಇವಳ ರಾಟೆ ಆಳೆತ್ತರ. ಅಳತೆ ಹೊಂದಿಸದೆ ಮರ ಕೊಯ್ದರೆ ಮರ ಹಾಳು. ಅದಕ್ಕೇ ಬಾಗಿಲ ಹಲಗೆ, ಅದಕ್ಕೇ ಬಿದಿರಿನ ದಬ್ಬೆ. ಪಾದದಿಂದ ಒತ್ತುವ ಕಾಲುಮಣೆಗೆ ಒಂದು ದಬ್ಬೆ, ರಾಟೆಯ ಹಿಡಿಗೆ ಒಂದು ತುಂಡು ದಬ್ಬೆ, ಇವೆರಡನ್ನೂ ಕೂಡಿಸಲು ನಡುವೆ ಒಂದು ಉದ್ದನೆಯದು. ಕೀಲಿಗೆ ಮೊಳೆ. ನಡುವಿನ ದಬ್ಬೆಗೆ ತೂತು ಕೊರೆದು ಇದ್ದಿಲ ಚೂರು ಸಿಕ್ಕಿಸುವನು. ತುಂಡು ದಬ್ಬೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದರೆ ಇದ್ದಿಲು ತಾನು ಹೋದ ದಾರಿಯನ್ನು ಹಲಗೆಯ ಮೇಲೆ ಗೀಚಿ ತೋರಿಸುತ್ತಿತ್ತು. ಹಿಡಿ ಉದ್ದವಾದರೆ ಅರ್ಧ ದಾರಿಯಲ್ಲೇ ಎಲ್ಲ ಬಿಗಿದು ನಿಲ್ಲುತ್ತಿತ್ತು. ಗಿಡ್ಡವಾದರೆ ಸುತ್ತುತ್ತಿತ್ತು, ಆದರೆ ಕಾಲುಮಣೆ ಅಲುಗಿದಂತೆಯೇ ಕಾಣುತ್ತಿರಲಿಲ್ಲ. ಒಂದೊಂದು ಅಳತೆಗೂ ಸುತ್ತಿ ಬಂದು ಕೂಡುವ ಒಂದೊಂದು ಉದ್ದುರುಟು ಗೆರೆ, ಒಂದು ದಪ್ಪ, ಒಂದು ಸಣಕಲು.

"ಹಲಗೆ ತುಂಬಾ ಬದನೆಕಾಯಿ ಬಿಡ್ಸವ್ನೆ ನೋಡು ನಿನ್ನ ಗಂಡ," ಎಂದು ಮುನಿಶಾಮಮ್ಮ ನಗುವಳು. "ಸಾರಿಗಾದ್ರೂ ಆಗ್ತದಾ ಕೇಳು."

ಇದು ಸಾವಿರದ ಒಂಬೈನೂರ ಐವತ್ತಾರು, ಐವತ್ತೇಳರ ಮಾತು. ಹಗಲೆಲ್ಲ ಬೇರೆಯವರ ಚರಕಕ್ಕೆ ಉಳಿ ಹಿಡಿದು, ಸಂಜೆ ಬೆನ್ನು ನೆಟ್ಟಗಾಗದೆ ಬಂದು ಮತ್ತೆ ಆ ಹಲಗೆಯ ಮುಂದೆ ಕೂರುವನು. ಕೊನೆಗೊಮ್ಮೆ ಗೆರೆ ಸರಿಹೋಯಿತು. ಕಾಲುಮಣೆ ಹಿತವಾಗಿ ಏರಿ ಇಳಿಯುತ್ತಿತ್ತು, ರಾಟೆಯ ಹಿಡಿ ಎಲ್ಲೂ ತಡೆಯದೆ ಸುತ್ತುತ್ತಿತ್ತು. ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ ಕಬ್ಬಿಣದ ಕೀಲು ತಂದ, ಹೊನ್ನೆ ಮರ ಕೊಯ್ದ, ಅದೇ ಅಳತೆಗೆ ದೊಡ್ಡದನ್ನು ಕಟ್ಟಿ ನಿಲ್ಲಿಸಿದ.

ಅಮ್ಮಾಜಮ್ಮ ಸೆರಗು ಸಿಕ್ಕಿಸಿ ಕೂತು ಕಾಲು ಒತ್ತಿದಳು. ರಾಟೆ ಅರ್ಧ ಸುತ್ತು ಹೋಗಿ ನಿಂತಿತು. ಹಿಡಿಯೂ ನಡುವಿನ ಕೋಲೂ ಒಂದೇ ಗೆರೆಯಲ್ಲಿ ನಿಂತುಬಿಟ್ಟಿದ್ದವು. ಇನ್ನೂ ಒತ್ತಿದರೆ ಮುಂದೆ ಹೋಗುವ ಬದಲು ಹಿಂದಕ್ಕೆ ಸುತ್ತಿತು, ಎಳೆ ಪಟ್ಟನೆ ಹರಿಯಿತು. ಪ್ರತಿ ಸುತ್ತಿಗೂ ಆ ಜಾಗದಲ್ಲಿ ಕೈ ಹಾಕಿ ದಾಟಿಸಬೇಕಾಯಿತು. ಅಂದರೆ ಕೈಯ ಕೆಲಸ ತಪ್ಪಲಿಲ್ಲ, ಕಾಲಿನದು ಮೇಲಿಂದ ಬಂತು.

ಕೋನಪ್ಪನಿಗೆ ನಂಬಿಕೆಯೇ ಬರಲಿಲ್ಲ. ಹಲಗೆಯ ಮೇಲೆ ಸಾವಿರ ಸಲ ಸುತ್ತಿದ್ದು ಇಲ್ಲಿ ಯಾಕೆ ನಿಲ್ಲಬೇಕು. ಹೆಂಡತಿಯನ್ನು ಹಿತ್ತಿಲಿಗೆ ಕರೆದು ಬೆರಳಿನಿಂದ ತಿರುಗಿಸಿ ತೋರಿಸಿದ.

"ನೋಡು, ಎಲ್ಲಾದ್ರೂ ತಡೀತದಾ? ಬೆಣ್ಣೇಲಿ ಕೂದ್ಲು ಎಳ್ದಂಗೆ ಹೋಯ್ತದೆ."

ಅವಳು ನೋಯುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಡಗೈ ಬೆರಳನ್ನು ಕಾಲುಮಣೆಯ ದಬ್ಬೆಯ ಮೇಲಿಟ್ಟು ತಳ್ಳಿದಳು. ಅರ್ಧ ಸುತ್ತಿಗೆ ದಬ್ಬೆಗಳು ನಿಂತವು.

"ನೀವು ಚಕ್ರದ ಕಡೆಯಿಂದ ತಿರುಗಿಸ್ತೀರಿ. ನಾನು ತಳ್ಳಬೇಕಾಗಿರೋದು ಈ ಕಡೆಯಿಂದ ಅಲ್ವಾ," ಎಂದಳು. ಗೆದ್ದ ದನಿಯೇನಲ್ಲ ಅದು, ದಣಿದ ದನಿ. "ಪೋನೀಲೇ. ಎದ್ದು ಊಟ ಮಾಡಿ."

ವರ್ಷಗಟ್ಟಲೆ ಅವನು ತಿರುಗಿಸಿದ್ದೆಲ್ಲ ತಪ್ಪು ಕಡೆಯಿಂದ. ಬೆರಳು ಚಕ್ರದ ಮೇಲಿದ್ದಾಗ ಕಾಲುಮಣೆ ಹೇಳಿದಂತೆ ಕೇಳುತ್ತಿತ್ತು. ಕಾಲಿನಿಂದ ತಳ್ಳಿದರೆ ಏನಾಗುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

ಆದರೂ ಕೋನಪ್ಪ ಬಿಡುವವನಲ್ಲ. ರಾಟೆಯ ಪಕ್ಕಕ್ಕೆ ಭಾರದ ಕಲ್ಲಿನ ಚಕ್ರ ಕಟ್ಟಿದ. ಆ ಭಾರದ ಓಟಕ್ಕೆ ಸಿಕ್ಕಿಕೊಳ್ಳುವ ಜಾಗ ದಾಟಿತು, ರಾಟೆ ಸುತ್ತಿತು. ಆದರೆ ಬಾಣಲೆಯಲ್ಲಿ ಎಳೆ ಹರಿದು ಮುನಿಶಾಮಮ್ಮ "ನಿಲ್ಸು" ಎಂದರೆ ಕಲ್ಲು ನಿಲ್ಲಬೇಕಲ್ಲ. ತನ್ನ ಪಾಡಿಗೆ ತಾನು ಸುತ್ತುತ್ತಲೇ ಹೋಯಿತು, ಹರಿದ ತುದಿ ರಾಟೆಯ ನೂಲಿನೊಳಗೆ ಹೂತುಹೋಯಿತು.

"ಕೋನಾ, ಇದನ್ನ ತೆಗ್ದು ಬಿಸಾಕಪ್ಪ," ಎಂದಳು ಅಕ್ಕ. ಈ ಸಲ ಅವಳು ನಗಲಿಲ್ಲ. "ಅವಳ ಕೈಗೆ ನಾನು ನಿಲ್ಸು ಅನ್ನೋದೂ ಬ್ಯಾಡ. ನನ್ ಮುಖ ನೋಡೇ ನಿಲ್ಸ್ತಾಳೆ. ನಿನ್ ಕಲ್ಲಿಗೆ ಕಣ್ಣವಾ?"

ಕಲ್ಲು ಬಿಚ್ಚಿದ ಮೇಲೆ ಕೋನಪ್ಪ ಕಾಲುಮಣೆಯನ್ನೂ ಬಿಚ್ಚಿದ. ಮಾರನೆಯ ದಿನ ಬೆಳಗ್ಗೆ ಅಮ್ಮಾಜಮ್ಮ ಚಪ್ಪರಕ್ಕೆ ಬರುವ ಹೊತ್ತಿಗೆ ಅವನು ಮಣೆಯ ಮೇಲೆ ಕೂತಿದ್ದ.

"ಒಂದು ದಿನ ನಾನು ತಿರುಗಿಸ್ತೀನಿ," ಎಂದ. "ಕೈ ಏನ್ ಮಾಡ್ತದೆ ಅಂತ ಗೊತ್ತಾಗ್ದೆ ಕಾಲಿಗೆ ಹೆಂಗೆ ಕಲಿಸೋದು. ಲೆಕ್ಕ ಹಿಡೀಬೇಕು."

ಅವಳು ಬೇಡವೆಂದಳು, ನೋಡಿದವರು ಏನೆಂದಾರು ಎಂದಳು. ಅಕ್ಕ ಎಳೆ ಕೂಡಿಸಿ ಕೊಟ್ಟಳು. ಕೋನಪ್ಪ ತಿರುಗಿಸಿದ. ಮರ ಸೀಳುವ ತೋಳು, ಇದೇನು ಮಹಾ ಎಂದುಕೊಂಡಿದ್ದ. ಬಿಸಿಲು ಚಪ್ಪರದ ಕಂಬಕ್ಕೆ ಬರುವ ಹೊತ್ತಿಗೆ ಭುಜದಲ್ಲಿ ಸೂಜಿ ಆಡತೊಡಗಿತು. ಮಧ್ಯಾಹ್ನಕ್ಕೆ ತೋಳು ತನ್ನದೆನ್ನಿಸಲಿಲ್ಲ. ಅವಸರ ಮಾಡಿದರೆ ಎಳೆ ಹರಿಯಿತು, ನಿಧಾನಿಸಿದರೆ ಅಕ್ಕ ಬೈದಳು. ಕೈ ಬದಲಿಸೋಣವೆಂದು ಹೆಂಡತಿಯ ಕಡೆ ತಿರುಗಿದ.

ಅಮ್ಮಾಜಮ್ಮ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹಗಲು ಮಲಗಿದ್ದನ್ನು ಅವನು ಕಂಡಿರಲಿಲ್ಲ. ಬಿದಿರು ಕೊಯ್ದ, ಹಲಗೆ ಗೀಚಿದ, ಕಬ್ಬಿಣ ತಂದ, ಕಲ್ಲು ಕಟ್ಟಿದ. ಇಷ್ಟೆಲ್ಲ ಮಾಡಿದವನಿಗೆ ತನಗೂ ಒಂದು ತೋಳಿದೆ ಎಂಬುದೊಂದೇ ಹೊಳೆದಿರಲಿಲ್ಲ. ಕೋನಪ್ಪನಿಗೆ ನಾಚಿಕೆಯಾಯಿತು. ಅವಳನ್ನು ಎಬ್ಬಿಸದೆ ರಾಟೆಯ ಹಿಡಿಯನ್ನು ಮತ್ತೆ ಹಿಡಿದ.

ಹೊತ್ತು ಇಳಿದ ಮೇಲೆ ಎದ್ದು ಗಾಬರಿಯಾದಳು. "ಅಯ್ಯೋ, ಎಬ್ಬಿಸಬಾರದಿತ್ತಾ?"

"ಲೆಕ್ಕ ಮುಗೀಲಿಲ್ಲ," ಎಂದ. "ನಾಳೆಗೂ ಕೂತ್ಕೋಬೇಕು."

ನಾಳೆಗೂ ಕೂತ, ನಾಡಿದ್ದಿಗೂ ಕೂತ. ಬೆಳಗ್ಗೆಯೆಲ್ಲ ರಾಟೆ, ಊಟವಾದ ಮೇಲೆ ಉಳಿ. ಅರ್ಧ ದಿನ ಅವನು, ಅರ್ಧ ದಿನ ಅವಳು ಎಂದಾಯಿತು. ಬೀದಿಯವರು ಆಡಿಕೊಂಡರು. ಒಮ್ಮೆ ರಾಟೆ ಕೇಳಲು ಬಂದ ಬಯ್ಯಪ್ಪನೆಂಬವನು, "ಏನಪ್ಪಾ, ಹೆಂಗಸ್ರ ಮಣೆ ಹತ್ಬಿಟ್ಟೆ," ಎಂದು ಮುಖದ ಮೇಲೆಯೇ ಅಂದ. ಕೋನಪ್ಪ ತಲೆ ಎತ್ತದೆ "ಪೋನೀಲೇ" ಎಂದು ತಿರುಗಿಸುತ್ತಲೇ ಇದ್ದ.

ಅಮ್ಮಾಜಮ್ಮನ ಭುಜ ಪೂರ್ತಿ ವಾಸಿಯಾಗಲಿಲ್ಲ. ಕೋನಪ್ಪನದೂ ಹಿಡಿದುಕೊಂಡಿತು. ದೀಪ ಹಚ್ಚಿದ ಮೇಲೆ ಇಬ್ಬರೂ ಹರಳೆಣ್ಣೆ ಬಿಸಿ ಮಾಡಿಕೊಂಡು ಒಬ್ಬರ ಭುಜ ಒಬ್ಬರು ತಿಕ್ಕುವರು. ಆ ಬಾಗಿಲ ಹಲಗೆ ಸೌದೆಯ ಮೇಲಿನ ಮುಚ್ಚಳವಾಯಿತು, ಮಳೆಗೆ ಬದನೆಕಾಯಿಗಳೆಲ್ಲ ತೊಳೆದುಹೋದವು. ಎಂಟು ವರ್ಷ ಕಳೆದ ಮೇಲೂ ಬೆಳಗ್ಗೆ ಅವನು ಮಣೆಯ ಕಡೆ ಹೊರಟರೆ ಅವಳು ಒಲೆಯ ಮುಂದಿನಿಂದಲೇ ಕೇಳುವಳು, "ಇನ್ನೂ ಮುಗೀಲಿಲ್ವಾ ನಿಮ್ಮ ಲೆಕ್ಕ?"

"ಇನ್ನೂ ಸ್ವಲ್ಪ ಅದೆ ಕಣೇ," ಎನ್ನುವನು. ಅವಳು ಎಡಗೈಯಿಂದ ತಲೆ ಬಾಚಿಕೊಳ್ಳುತ್ತ ಇನ್ನೊಂದಿಷ್ಟು ಹೊತ್ತು ಅಲ್ಲೇ ಕೂತಿರುವಳು.