ಎಂಜಿನ್ನು ಬಳಿದುಕೊಂಡ ಪೌಡರು

ಬೆಳಿಗ್ಗೆ ನನ್ನ ಕಾರಿನಡಿ ಎಣ್ಣೆಯ ಕರಿಬೊಟ್ಟು ಕಂಡದ್ದೇ, ಶಿಕಾರಿಪುರದ ಅಂಗಳದಲ್ಲಿದ್ದ ಚಿಕ್ಕಪ್ಪನ ಹಳೇ ಸ್ಪೋರ್ಟ್ಸ್ ಕಾರು ಕಣ್ಣಮುಂದೆ ಬಂದು ನಿಂತಿತು. ಅಂದು ಚಿಕ್ಕಪ್ಪ ಅದರಲ್ಲೇ ಸೊರಬಕ್ಕೆ ಹೆಣ್ಣು ನೋಡಲು ಹೋಗಬೇಕು, ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿದೆ. ದಾರಿಯಲ್ಲಿ ಕಾರು ಕೆಟ್ಟೇ ಹಿಂದಿನ ಸಂಬಂಧ ತಪ್ಪಿತ್ತು. ಚಿಕ್ಕಪ್ಪ ಎಂಜಿನ್ ಒರೆಸಿ, ಮಗನ ಮುಖಕ್ಕೆಂದು ಅಜ್ಜಿ ತಂದ ಪೌಡರನ್ನೆಲ್ಲ ಅದರ ಮೇಲೆ ಉದುರಿಸಿದ.

"ಎಲ್ಲಿ ಸೋರ್ತೈತೋ ಅಲ್ಲಿ ಪೌಡರು ಒದ್ದೆ ಆಗ್ತೈತವ್ವ!"

"ಗಂಡು ನೀನೋ, ಅದೋ?" ಎಂದಳು ಅಜ್ಜಿ.

ಎಂಜಿನ್ ಗುಡುಗಿತು. ಮನೆಮಂದಿಯೆಲ್ಲ ಬಗ್ಗಿ ನೋಡಿದೆವು. ಎಂಜಿನ್ನಿನ ಮೇಲ್ಮುಚ್ಚಳದ ಅಂಚಿನಲ್ಲಿ ಪೌಡರು ಮೆಲ್ಲಗೆ ಕಪ್ಪಾಯಿತು. ಅಲ್ಲೊಂದು ಬೋಲ್ಟು ಸಡಿಲ! ಚಿಕ್ಕಪ್ಪ ಅದನ್ನು ಬಿಗಿದು, ಮಸಿಮುಖದಲ್ಲೇ ಸೊರಬ ಸೇರಿದ. ಹುಡುಗಿ ನಕ್ಕು ಒಪ್ಪಿದಳು.

ಆ ಹುಡುಗಿಯೇ ನಮ್ಮ ಚಿಕ್ಕಮ್ಮ. ಇವತ್ತು ನನ್ನ ಕಾರಿಗೆಂದು ನಾನು ಪೌಡರು ಕೇಳಿದರೆ, "ಮೊದ್ಲು ಮುಖಕ್ಕೆ ಹಚ್ಕೊಳೋ, ಉಳಿದಿದ್ದು ಎಂಜಿನ್ನಿಗೆ" ಎಂದು ಡಬ್ಬಿ ಕೊಟ್ಟರು.