ಅಣ್ಣನ ಕೈಗುಣ

ನಮ್ಮ ಹೊಲದಲ್ಲಿ ಹಿಂಗಾರಿ ಜೋಳದ ಮೊದಲ ಹಿಡಿ ಬೀಜವನ್ನು ಅಣ್ಣನೇ ಹಾಕುತ್ತಿದ್ದ. ಕೂರಿಗೆ ಹೂಡಿ ಎತ್ತು ನಿಲ್ಲಿಸಿಕೊಂಡು ಕಾಯುತ್ತಿದ್ದೆವು. ಅವನು ಬಂದು ಕೂರಿಗೆಯ ಬಟ್ಟಲಿಗೆ ಒಂದು ಹಿಡಿ ಬಿಟ್ಟ ಮೇಲೆಯೇ ಬಿತ್ತನೆ. ಅವನ ಕೈಗುಣ ಛಲೋ ಎಂಬ ಮಾತು ನಮ್ಮೂರು ಮಸೂತಿಯ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ಬಾಜೂ ಹೊಲದವರೂ ಕರೆಯುತ್ತಿದ್ದರು. ಎಮ್ಮೆ ಹಾಲು ಸೊರಬಿಡದಿದ್ದರೆ, ಬಂದು ಅದರ ಬೆನ್ನ ಮೇಲೆ ಒಮ್ಮೆ ಕೈ ಆಡಿಸಿ ಹೋಗ್ರಿ ಎನ್ನುತ್ತಿದ್ದರು.

ನಾನು ಆರನೆಯ ಇಯತ್ತೆಗೆ ಸಾಲಿ ಬಿಟ್ಟವನು. ನನ್ನ ಕೈಗೆ ಯಾವ ಹೆಸರೂ ಇರಲಿಲ್ಲ. ಬರುತ್ತಿದ್ದದ್ದು ಒಂದೇ, ಗಾಡಿ ಹೊಡೆಯುವುದು. ಟ್ರ್ಯಾಕ್ಟರಿರಲಿ, ಜೀಪಿರಲಿ, ಅದರ ಮೇಲೆ ಕೂತಾಗ ಮಾತ್ರ ನಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಕ್ಕೆ ಅಣ್ಣ ಇಂಡಿ ಊರಿನ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರಿಂದ ಹಳೆಯ ಬಿಳಿ ಕಾರೊಂದನ್ನು ಕೊಂಡು ತಂದ. ನನಗಾಗಿ ತಂದ ಎಂದುಕೊಂಡಿದ್ದೆ. ಆದರೆ ಅವನು, "ನನಗೂ ಕಲಸೋ ತಮ್ಮ, ನೀ ಇಲ್ಲದಾಗ ಯಾರರೆ ಹೊಡೀಬೇಕಲ್ಲ," ಎಂದ. ಕಲಿಸಿದೆ. ನಲವತ್ತು ದಾಟಿದವನು ಒಂದೇ ತಿಂಗಳಲ್ಲಿ ಕಲಿತುಬಿಟ್ಟ. ಬಾಗೇವಾಡಿ ಬಜಾರದಲ್ಲಿ ಅವನ ಜೊತೆ ಕೂತು ಬಂದ ನಮ್ಮೂರ ಮುದುಕರೊಬ್ಬರು ಇಳಿಯುತ್ತ, "ತಮ್ಮಗಿಂತ ಅಣ್ಣಂದ ಛಲೋ ಐತಿ ನೋಡ್ರಿ, ನೀರು ತುಂಬಿದ ಚರಗಿ ಇಟ್ಟರೂ ತುಳಕೂದಿಲ್ಲ," ಎಂದರು. ನಾನೂ ನಕ್ಕೆ. ಆದರೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಆಮೇಲೆ ಕಾರು ಕಾಡತೊಡಗಿತು. ಓಡುವಾಗ ಸರಿಯಾಗಿಯೇ ಇರುತ್ತಿತ್ತು. ಸಾವಕಾಶ ಮಾಡಿದರೆ ಇಂಜಿನ್ ಬಂದಾಗುತ್ತಿತ್ತು. ಸ್ಪೀಡ್ ತೋರಿಸುವ ಸೂಜಿ ಒಮ್ಮೊಮ್ಮೆ ಧಪ್ಪೆಂದು ಸೊನ್ನೆಗೆ ಬೀಳುತ್ತಿತ್ತು. ನಾನೊಬ್ಬನೇ ಸಿಂದಗಿಗೆ ಒಯ್ದು ಮಿಸ್ತ್ರಿಗೆ ತೋರಿಸಿದೆ. ಅವನು ಕೆಳಗೆ ತೂರಿ ಗೇರ್ ಡಬ್ಬಿಯ ಮೇಲಿಂದ ಹೆಬ್ಬೆರಳಿನಷ್ಟಿದ್ದ ಒಂದು ಕರಿಯ ಸಾಮಾನು ಬಿಚ್ಚಿ ತಂದ.

"ಇದು ಸ್ಪೀಡ್ ಸೆನ್ಸರ್. ಗಾಡಿ ಎಷ್ಟು ಜೋರು ಓಡಾಕತ್ತೇತಿ ಅಂತ ಇಂಜಿನ್‌ಗೆ ಸುದ್ದಿ ಮುಟ್ಟಿಸೋದು ಇದರ ಕೆಲಸ. ಸುದ್ದಿ ತಪ್ಪಿತಂದ್ರ ಇಂಜಿನ್‌ಗೆ ದಿಕ್ಕು ತೋಚೂದಿಲ್ಲ, ಬಂದ್ ಬೀಳ್ತೈತಿ. ಸೊಲ್ಲಾಪುರದಿಂದ ಹೊಸದು ತರಿಸಬೇಕು, ಮುಂದಿನ ವಾರ ಬಾ. ಅಲ್ಲೀತನಕ ಸಾವಕಾಶ ಮಾಡುವಾಗ ಕ್ಲಚ್ ಒತ್ತಿ ಸ್ವಲ್ಪ ರೇಸ್ ಹಿಡದಿರು, ಬಂದಾಗೂದಿಲ್ಲ."

ಹಳೆಯದನ್ನೇ ಮತ್ತೆ ಕೂರಿಸಿ ಕಳಿಸಿದ. ದಾರಿಯುದ್ದಕ್ಕೂ ಹಾಗೆ ಹೊಡೆಯುವುದನ್ನು ರೂಢಿ ಮಾಡಿಕೊಂಡೆ. ಮನೆಗೆ ಬಂದಾಗ ಅಣ್ಣ ಹೊಲದಲ್ಲಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಎರಡು ದಿನಕ್ಕೆ ಅಣ್ಣನ ಹೆಂಡತಿ, ನಮ್ಮ ವೈನಿಯ ತವರು ಮುದ್ದೇಬಿಹಾಳದಲ್ಲಿ ನಿಶ್ಚಿತಾರ್ಥವಿತ್ತು. ಅಣ್ಣ ಹೊಸ ಧೋತರ ಉಟ್ಟು ತಾನೇ ಕಾರು ಹೊಡೆದ. ಬೀಗರೆಲ್ಲ ಅಂಗಳದಲ್ಲಿ ನಿಂತಿದ್ದಾಗ, ಓಣಿಯ ತಿರುವಿನಲ್ಲಿ ಕಾರು ಬಂದಾಯಿತು. ಚಾಲೂ ಮಾಡಿದ. ಹತ್ತು ಮಾರು ಹೋಗಿ ಮತ್ತೆ ಬಂದಾಯಿತು. ಮೂರನೆಯ ಸಲ ವೈನಿಯ ತಮ್ಮ ಹತ್ತಿರ ಬಂದ.

"ಏನ್ರಿ ಮಾಮಾ, ಎಮ್ಮಿ ಸೊರಬಿಡಿಸೋ ಕೈ ಅಂತಾರ, ಗಾಡಿ ಯಾಕ ಒದ್ದಾಡಾಕತ್ತೇತ್ರಿ?"

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. "ತಡಿ, ತಮ್ಮ ಹೊಡೀಲಿ," ಎಂದು ಇಳಿದ. ನಾನು ಕೂತು, ರೇಸ್ ಹಿಡಿದು ತಿರುವು ದಾಟಿಸಿ ಅಂಗಳದವರೆಗೆ ತಂದು ನಿಲ್ಲಿಸಿದೆ. ಒಮ್ಮೆಯೂ ಬಂದಾಗಲಿಲ್ಲ.

ಅಣ್ಣ ಎಲ್ಲರ ಮುಂದೆ ಕೇಳಿದ: "ಮೊನ್ನೆ ಮಿಸ್ತ್ರಿ ಏನಂದನೋ?"

ಹೇಳಬೇಕಾದದ್ದು ಒಂದೇ ಮಾತು. ಆದರೆ ಅಷ್ಟು ಜನ ನನ್ನ ಕಡೆ ನೋಡುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ಅಣ್ಣನ ಕೈಯಲ್ಲಿ ಆಗದ್ದು ನನ್ನ ಕೈಯಲ್ಲಿ ಆಗಿತ್ತು.

"ಏನೂ ಇಲ್ಲಂದ," ಎಂದೆ. "ಗಾಡಿ ಸುದ್ದ ಐತಿ. ಕೈ ನೋಡಿ ನಡೀತಾವಣ್ಣ ಇವು."

ಕೈ ಎಂಬ ಮಾತು ನನ್ನ ಬಾಯಿಂದಲೇ ಬಂತು. ಬೀಗರದು ಚೇಷ್ಟೆ, ಮರೆತುಹೋಗುತ್ತಿತ್ತು. ಒಡಹುಟ್ಟಿದವನು ಹೇಳಿದ್ದನ್ನು ಅಣ್ಣ ನಂಬಿದ.

ಆಮೇಲೆಯೂ ಒಂದೆರಡು ಸಲ ಹೊಡೆದು ನೋಡಿದ. ಬಾಗೇವಾಡಿಯ ಸ್ಟ್ಯಾಂಡಿನ ಮುಂದೆ ಬಸ್ಸಿಗೆ ಅಡ್ಡವಾಗಿ ನಿಂತುಬಿಟ್ಟಿತಂತೆ. ಮನೆಗೆ ಬಂದು ಚಾವಿಯನ್ನು ನನ್ನ ಮುಂದಿಟ್ಟು, "ನಿನ್ನ ಕೈಯಾಗ ಇರಲಿ," ಎಂದ. ಮಿಸ್ತ್ರಿ ಹೇಳಿದ ವಾರ ಬಂತು, ಹೋಯಿತು. ನಾನು ಸಿಂದಗಿಗೆ ಹೋಗಲಿಲ್ಲ.

ಆ ವರ್ಷ ಕೂರಿಗೆ ಹೂಡಿದಾಗ ಅಣ್ಣ ಬದುವಿನ ಮೇಲೆಯೇ ನಿಂತ. "ಈ ಸಲ ನೀ ಹಾಕು," ಎಂದ. ನಾನು ಹಾಸ್ಯವೆಂದುಕೊಂಡೆ. ಅವನು ಕೈ ಹಿಂದೆ ಕಟ್ಟಿಕೊಂಡಿದ್ದ. "ಗಾಡಿ ಮುಟ್ಟಿದರ ಬಂದ್ ಬೀಳ್ತೈತಿ. ಬೀಜ ಮುಟ್ಟಿ ಯಾಕ ಕೆಡಸಲಿ?" ಎತ್ತುಗಳು ಕಾಯುತ್ತಿದ್ದವು. ನಾನು ಹಾಕಿದೆ. ಅದೇ ವರ್ಷ ಜೋಳ ಆಳೆತ್ತರ ಬೆಳೆದು ತೆನೆ ಬಿಟ್ಟಿತು. ತಮ್ಮನ ಕೈಗುಣ ಎಂದರು ಜನ. ಬಾಜೂ ಹೊಲದವರೂ ಅಣ್ಣನನ್ನು ಕರೆಯುವುದು ಬಿಟ್ಟರು. ಊಟಕ್ಕೆ ಕೂತಾಗ ಅಣ್ಣ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

ಸುಗ್ಗಿ ಮುಗಿದ ಮೇಲೆ ತಡೆಯಲಾಗದೆ ಸಿಂದಗಿಗೆ ಹೋದೆ. ಹೊಸ ಸೆನ್ಸರ್ ಕೂರಿಸಲು ಮಿಸ್ತ್ರಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮನೆಗೆ ಬಂದು, "ಅಣ್ಣ, ಒಮ್ಮೆ ಹೊಡದು ನೋಡು," ಎಂದೆ. ಅವನು ಬಾಗಿಲು ತೆಗೆದು ಕೂತ, ಸ್ಟೇರಿಂಗ್ ಮುಟ್ಟಲಿಲ್ಲ. "ಬ್ಯಾಡೋ ತಮ್ಮ, ಈಗ ನಿನಗೂ ಗಾಡಿಗೂ ಹೊಂದೇತಿ," ಎಂದು ಇಳಿದ. ಆಗಲೂ ಹೇಳಲಿಲ್ಲ. ಹೇಳಿದ್ದರೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತಿದ್ದ.

ನಾಲ್ಕು ವರ್ಷಕ್ಕೆ ಅವನ ಕಿಡ್ನಿ ಕೆಟ್ಟವು. ದವಾಖಾನೆಗೆ ಅದೇ ಕಾರಿನಲ್ಲಿ ನಾನೇ ಒಯ್ಯುತ್ತಿದ್ದೆ. ಒಮ್ಮೆ ಬಾಜೂ ಸೀಟಿನಲ್ಲಿ ಒರಗಿದ್ದವನು ಮೆಲ್ಲಗೆ, "ಸ್ಪೀಡಿನ ಸೂಜಿ ಈಗ ಬೀಳೂದಿಲ್ಲಲ್ಲೋ," ಎಂದ. "ಇಲ್ಲಣ್ಣ," ಎಂದೆ. ನನ್ನ ಮುಖ ನೋಡಿ ಕಣ್ಣು ಮುಚ್ಚಿದ. ಆ ತಿಂಗಳೇ ಹೋದ.

ಅವನು ಹೋಗಿ ವರ್ಷವಾದ ಮೇಲೆ, ಬಿತ್ತನೆಗೆ ಮುಂಚೆ ವೈನಿಯ ಮುಂದೆ ಕೂತು ಎಲ್ಲ ಹೇಳಿದೆ. ಜೋಳ ಹಸನು ಮಾಡುತ್ತಿದ್ದ ಅವರ ಕೈ ನಿಂತಿತು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ನೀವು ಮೊದಲನೇ ಸಲ ಬೀಜ ಹಾಕಿದಿರಲ್ಲ," ಎಂದರು, "ಅವತ್ತ ಇವರು ಉಡಿಯಾಗ ಒಂದು ಹಿಡಿ ಜೋಳ ತಂದು ಹಿತ್ತಲದಾಗ, ಬಚ್ಚಲ ನೀರು ಹರಿಯೋ ಕಡೆ ಹಾಕಿದ್ರು. ಯಾರಿಗೂ ಹೇಳಬ್ಯಾಡ ಅಂದ್ರು. ದಿನಾ ಮುಂಜಾನೆ ಹೋಗಿ ನೋಡ್ತಿದ್ರು."

"ಹುಟ್ಟಿತೇನ್ರಿ?"

"ಎಲ್ಲಾ ಹುಟ್ಟಿದ್ವು. ಒಂದೂ ಸತ್ತಿರಲಿಲ್ಲ. ನೋಡ್ರಿ, ನಿಮ್ಮ ಕೈ ಛಲೋ ಐತಿ ಅಂತ ನಾ ಅಂದೆ. ಹಸಿ ಭೂಮ್ಯಾಗ ಯಾರು ಹಾಕಿದರೂ ಹುಟ್ಟತಾವ ಅಂದ್ರು. ಅಂದು, ಎಲ್ಲಾ ಕಿತ್ತು ಎಮ್ಮಿಗಿ ಹಾಕಿದ್ರು."

ವೈನಿ ಮತ್ತೆ ಮೊರ ಎತ್ತಿಕೊಂಡರು. ನಾನು ಹಿತ್ತಲಿಗೆ ಹೋಗಿ ಬಚ್ಚಲ ನೀರು ಹರಿಯುವ ಆ ಜಾಗದಲ್ಲಿ ನಿಂತೆ. ಅಲ್ಲಿ ಈಗ ಏನೂ ಇಲ್ಲ.